ದಾರಿಯಲ್ಲೇ ಸಿಕ್ಕ ಉತ್ತರ

ಬೆಳಗಿನ ಮೊದಲ ಬಸ್ಸು ಹಿಡಿದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಂದ ಬಂದು ಕುಳಿತಿರುವ ತಂದೆತಾಯಂದಿರೇ, ಇಂದು ಪದವಿ ಪಡೆಯುತ್ತಿರುವ ಪ್ರೀತಿಯ ಮಕ್ಕಳೇ,

ಘಟಿಕೋತ್ಸವದ ವೇದಿಕೆಯಿಂದ ಮಾತಾಡುವವರು ಸಾಮಾನ್ಯವಾಗಿ ಮುಂದಿನ ದಿನಗಳ ಬಗ್ಗೆ ಹೇಳುತ್ತಾರೆ. ಏನು ಗಳಿಸಬೇಕು, ಎಲ್ಲಿಗೆ ತಲುಪಬೇಕು ಎಂದು. ಅದನ್ನು ಹೇಳಲು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಆಗಲೇ ಸಿಕ್ಕಿರುವುದರ ಬಗ್ಗೆ ಮಾತಾಡುತ್ತೇನೆ.

ನಾನು ಕ್ರೈಸ್ತ ವಿಶ್ವಾಸಿ. ಸಂಜೆಯಾದರೆ ಮನೆಮಂದಿಯೆಲ್ಲ ಮಂಡಿಯೂರಿ ತೇರ್ಸ್, ಅಂದರೆ ಜಪಸರ, ಹೇಳುವ ಮನೆಯಲ್ಲಿ ಬೆಳೆದವನು. ಜಪಸರ ಮುಗಿದ ಮೇಲೆ ಅಮ್ಮ ಕೋರಿಕೆಗಳನ್ನು ಒಂದೊಂದಾಗಿ ದೇವರ ಮುಂದಿಡುತ್ತಿದ್ದರು. ಮಳೆ ಹದವಾಗಿ ಬರಲಿ, ಅಡಿಕೆಗೆ ಕೊಳೆ ಬೀಳದಿರಲಿ, ಬಸುರಿಯ ಹೆರಿಗೆ ಸುಸೂತ್ರವಾಗಲಿ, ಶಾಲೆಗೆ ಹೋದ ಮಕ್ಕಳು ಹಳ್ಳ ದಾಟಿ ಮನೆ ಸೇರಲಿ. ಇದನ್ನೇ ನಿಮ್ಮ ಮನೆಯ ಹಿರಿಯರು ಸಿಗಂದೂರು ಚೌಡೇಶ್ವರಿಯ ಮುಂದೆ, ಸಾಗರದ ಮಾರಿಕಾಂಬೆಯ ಮುಂದೆ, ತೀರ್ಥಹಳ್ಳಿಯ ರಾಮೇಶ್ವರನ ಮುಂದೆ ಕೇಳಿಕೊಂಡಿರುತ್ತಾರೆ. ಮಸೀದಿಯಲ್ಲಿ ಕೈಯೆತ್ತಿ ಕೇಳಿಕೊಂಡವರ ಮಕ್ಕಳೂ ಈ ಸಭೆಯಲ್ಲಿದ್ದಾರೆ. ಕೇಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಕಷ್ಟವೇ ಕಲಿಸುತ್ತದೆ. ಸಿಕ್ಕಿದ್ದನ್ನು ಸಿಕ್ಕಿತೆಂದು ಗುರುತಿಸುವುದನ್ನು ಮಾತ್ರ ಕಲಿಯಬೇಕಾಗುತ್ತದೆ.

ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ಬರುತ್ತದೆ. ಅವರು ದೂರದಲ್ಲೇ ನಿಂತು ಯೇಸುವನ್ನು ಕೂಗಿ ದಯೆ ಬೇಡುತ್ತಾರೆ. ಹೋಗಿ ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿ ಎಂದಷ್ಟೇ ಯೇಸು ಹೇಳುತ್ತಾರೆ. ಅವರು ಹೊರಡುತ್ತಾರೆ; ಹೋಗುತ್ತಿರುವಾಗಲೇ ಗುಣವಾಗುತ್ತದೆ. ಅವರಲ್ಲಿ ಒಬ್ಬ ಮಾತ್ರ ತಿರುಗಿ ಬಂದು ಕಾಲಿಗೆ ಬೀಳುತ್ತಾನೆ. ಅವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನಾಂಗದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾರೆ.

ಚರ್ಚಿನ ಪ್ರಬೋಧನೆಗಳಲ್ಲಿ ಆ ಒಂಬತ್ತು ಜನರನ್ನು ಬೈಯುವುದನ್ನೇ ಹೆಚ್ಚು ಕೇಳಿದ್ದೇನೆ. ಬೈಯುವ ಮೊದಲು ಅವರಿಗೆ ಉತ್ತರ ಸಿಕ್ಕಿದ ರೀತಿಯನ್ನು ನೋಡಬೇಕು. ಆಕಾಶ ಬಿರಿಯಲಿಲ್ಲ, ಯಾರೂ ಮೈ ಮುಟ್ಟಲಿಲ್ಲ. ನಡೆಯುತ್ತಾ ನಡೆಯುತ್ತಾ, ಯಾವುದೋ ತಿರುವಿನಲ್ಲಿ, ಮೈ ನೆಟ್ಟಗಾಗಿತ್ತು. ಹೇಗೂ ಹೊರಟ ದಾರಿ, ಮುಂದೆ ಕೆಲಸವಿತ್ತು, ಹೋದರು. ನಮ್ಮ ಪ್ರಾರ್ಥನೆಗಳಿಗೂ ಉತ್ತರ ಸಿಗುವುದು ಬಹುಪಾಲು ಹೀಗೆಯೇ. ಅದು ದಾರಿಯಲ್ಲಿ ಸಿಗುತ್ತದೆ, ತಡವಾಗಿ ಸಿಗುತ್ತದೆ, ಮನುಷ್ಯರ ಕೈಯಿಂದ ಸಿಗುತ್ತದೆ. ಅಷ್ಟು ಹೊತ್ತಿಗೆ ಕೇಳಿದವರು ತೀರಿಕೊಂಡಿರುತ್ತಾರೆ, ಅನುಭವಿಸುವವರಿಗೆ ಅದು ಮೊದಲಿನಿಂದಲೂ ಇದ್ದದ್ದೇ ಅನ್ನಿಸುತ್ತದೆ.

ನನ್ನ ಜನರಿಂದಲೇ ಶುರು ಮಾಡುತ್ತೇನೆ. ಕೊಂಕಣಿ ಕ್ರೈಸ್ತರ ಪೂರ್ವಿಕರು 16ನೇ ಶತಮಾನದಿಂದೀಚೆಗೆ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದರು. ಯುದ್ಧ, ಬರ, ತೆರಿಗೆ, ಸ್ವಂತ ಧರ್ಮದ ಅಧಿಕಾರಿಗಳೇ ನಡೆಸಿದ ಇನ್‌ಕ್ವಿಸಿಷನ್‌ನ ವಿಚಾರಣೆ, ಎಲ್ಲದರಿಂದಲೂ ಓಡಿ ಬಂದವರು ಅವರು. ಅವರು ಬೇಡಿದ್ದು ಒಂದು ತುಂಡು ನೆಲವನ್ನು, ನೆಮ್ಮದಿಯ ರಾತ್ರಿಯನ್ನು. ಅದು ಸಿಕ್ಕಿದ್ದು ಕರಾವಳಿಯನ್ನೂ ಆಳುತ್ತಿದ್ದ ಕೆಳದಿಯ ನಾಯಕರಿಂದ. ಆ ಅರಸರ ಕೊನೆಯ ರಾಜಧಾನಿ ಬಿದನೂರು, ಇಂದಿನ ಹೊಸನಗರ ತಾಲ್ಲೂಕಿನ ನಗರ. ಅರಸರು ವೀರಶೈವರು, ಬಂದವರು ಶಿಲುಬೆಗೆ ಕೈಮುಗಿಯುವವರು. ಬೇಸಾಯ ಬಲ್ಲ ಜನ ಎಂದು ಅವರಿಗೆ ಭೂಮಿ ಕೊಟ್ಟರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಆ ಸಂಸ್ಥಾನ ಮುಗಿಯಿತು, ನೆಲ ಹಿಡಿದು ನಿಂತ ಸಮುದಾಯ ಮುಂದಿನ ಕಷ್ಟಗಳನ್ನೂ ದಾಟಿ ಉಳಿಯಿತು. ನಗರದ ಕೋಟೆಗೆ ಪ್ರವಾಸ ಹೋಗಿ ಫೋಟೋ ತೆಗೆಸಿಕೊಳ್ಳುವ ನಮ್ಮ ಹುಡುಗರಿಗೆ, ತಮ್ಮ ಹಿರಿಯರ ಪ್ರಾರ್ಥನೆಗೆ ಉತ್ತರ ಕೊಟ್ಟ ಅರಮನೆ ಇದ್ದದ್ದು ಇಲ್ಲೇ ಎಂದು ಯಾರಾದರೂ ಹೇಳಬೇಕು. ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ನಿಮ್ಮಲ್ಲಿ ಅನೇಕರ ಮನೆಯ ಕಥೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದರು. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಎದ್ದ ಚಳವಳಿ ಅದು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ ಗೆಲುವು ಸಿಗಲಿಲ್ಲ. ಸಿಕ್ಕಿದ್ದು 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ. ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತ ಅಜ್ಜನ ಮೊಮ್ಮಗಳು ಇಂದು ಈ ಸಾಲಿನಲ್ಲಿ ಪದವಿಯ ನಿಲುವಂಗಿ ತೊಟ್ಟು ಕುಳಿತಿದ್ದಾಳೆ. ಮಕ್ಕಳು ಇನ್ನೊಬ್ಬರ ಅಂಗಳದಲ್ಲಿ ಕೈಕಟ್ಟಿ ನಿಲ್ಲದಿರಲಿ ಎಂದು ಆ ಮನೆಯ ಅಜ್ಜಿ ಯಾವ ದೇವರನ್ನು ಕೇಳಿಕೊಂಡಿದ್ದರೋ, ಆ ಕೋರಿಕೆಗೆ ಉತ್ತರವಾಗಿ ಅವಳೇ ಇಲ್ಲಿದ್ದಾಳೆ.

ಅಮ್ಮನ ಪಟ್ಟಿಯಲ್ಲಿದ್ದ ಕೊಳೆರೋಗಕ್ಕೂ ಉತ್ತರ ಸಿಕ್ಕಿದೆ. ಹಿಂದೆ ಮಳೆಗಾಲ ಹಿಡಿಯುವ ಮುಂಚೆ ಮರ ಹತ್ತಿ ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟಬೇಕಿತ್ತು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ತೋಟಗಳ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಕೊಳೆರೋಗದ ಮೇಲೆ ಒಂದು ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಕ್ರಮ ಇಲ್ಲಿ ಬೇರೂರಿದ್ದು ಅವರ ಕೆಲಸದಿಂದ. ನೂರು ವರ್ಷ ದಾಟಿದ ಮೇಲೂ ನಿಮ್ಮ ಮನೆಯಲ್ಲಿ ಔಷಧಿ ಹೊಡೆಯಲು ಮಳೆ ಬಿಡುವುದನ್ನೇ ಕಾಯುತ್ತಾರಲ್ಲ, ಅದು ಅದೇ ಔಷಧಿ. ಈಗ ಎಲೆಚುಕ್ಕಿ ರೋಗ ಬಂದಿದೆ. ಹೊಸನಗರ, ತೀರ್ಥಹಳ್ಳಿಯ ತೋಟಗಳು ಕಣ್ಣೆದುರಿಗೇ ಸೊರಗುತ್ತಿವೆ. ವಿಜ್ಞಾನ ಓದಿದ ನಿಮ್ಮಲ್ಲಿ ಯಾರಾದರೂ ಅದರ ಬೆನ್ನು ಹತ್ತಬೇಕು. ನಿಮ್ಮೂರಿನಲ್ಲಿ ಇಂದು ರಾತ್ರಿ ಯಾರೋ ಅದನ್ನೇ ಕೇಳಿಕೊಳ್ಳುತ್ತಾರೆ.

ಈಗ ಎಲ್ಲಕ್ಕಿಂತ ದೊಡ್ಡ ಉತ್ತರದ ಮಾತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಮೇಲೆ ಸುಮಾರು 2.44 ಕಿಲೋಮೀಟರ್ ಉದ್ದದ ಕೇಬಲ್ ಆಧಾರಿತ ಸೇತುವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಹರಡಿದ ಮೇಲೆ ತುಮರಿ ಭಾಗದ ಹಳ್ಳಿಗಳು ದ್ವೀಪದಂತಾದವು. ಹಿನ್ನೀರು ದಾಟಲು ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ಹಿಡಿದುಕೊಂಡರೆ ಹೊಸನಗರದ ಕಡೆಯಿಂದ ಕಾಡುದಾರಿಯಲ್ಲಿ ಸುತ್ತಿ ಬರಬೇಕಿತ್ತು, ಇಲ್ಲವೇ ಬೆಳಗಾಗುವುದನ್ನು ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಆ ದಡದಲ್ಲಿ ಹುಟ್ಟಿ, ಲಾಂಚಿನಲ್ಲೇ ಓದಿಕೊಂಡು, ಲಾಂಚಿನ ವೇಳೆ ನೋಡಿಕೊಂಡು ಪರೀಕ್ಷೆ ಬರೆದವರು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಹಿರಿಯರು ಅರುವತ್ತು ವರ್ಷ ಕೇಳಿದ್ದನ್ನು ನೀವಿಂದು ಕೆಲವೇ ನಿಮಿಷಗಳಲ್ಲಿ ದಾಟುತ್ತೀರಿ. ನಿಮ್ಮ ಮಕ್ಕಳಿಗೆ ಅದು ಬರಿಯ ರಸ್ತೆಯಾಗಿರುತ್ತದೆ. ಹಾಗಾಗುವ ಮೊದಲು ಅವರಿಗೆ ಲಾಂಚಿನ ರಾತ್ರಿಗಳನ್ನು ಹೇಳಿ. ಅರ್ಜಿ ಬರೆದವರ, ಧರಣಿ ಕೂತವರ, ಪಾದಯಾತ್ರೆ ನಡೆದವರ, ಹಿನ್ನೀರಿನ ನಡುವೆ ಕಂಬ ನಿಲ್ಲಿಸಿದ ಕಾರ್ಮಿಕರ ವಿಷಯ ಹೇಳಿ. ಆ ಕೈಗಳನ್ನು ಮರೆತು ದೇವರಿಗೆ ಮಾತ್ರ ಸ್ತೋತ್ರ ಸಲ್ಲಿಸಿದರೆ, ದೇವರು ಯಾರ ಕೈಯಲ್ಲಿ ಉತ್ತರ ಕಳಿಸಿದನೋ ಅವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗಾಗುತ್ತದೆ.

ಇಲ್ಲಿ ನಾನು ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಬಿಟ್ಟರೆ ಕೃತಜ್ಞತೆ ಸುಖವಾಗಿರುವವರ ಸಮಾಧಾನವಾಗಿಬಿಡುತ್ತದೆ. ಅದೇ ಶರಾವತಿಯ ನೀರು ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಮನೆಗೆ ದೀಪ ಬರಲಿ, ಪಂಪ್‌ಸೆಟ್ ತಿರುಗಲಿ, ಕಾರ್ಖಾನೆಯಲ್ಲಿ ಮಗನಿಗೆ ಕೆಲಸ ಸಿಗಲಿ ಎಂದು ಕರ್ನಾಟಕದ ಲಕ್ಷಾಂತರ ಮನೆಗಳು ಕೇಳಿಕೊಂಡದ್ದಕ್ಕೆ ಉತ್ತರ ಸಿಕ್ಕಿದ್ದು ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ದೇವಸ್ಥಾನ, ಸ್ಮಶಾನಗಳು ಮುಳುಗಿದ್ದರಿಂದ. ಎದ್ದು ಹೋದವರನ್ನು ಕಾಡಿನ ನಡುವೆ ಇಳಿಸಿ ಹೋದರು. ಅವರಲ್ಲಿ ಎಷ್ಟೋ ಕುಟುಂಬಗಳು ಮೂರನೇ ತಲೆಮಾರಿನಲ್ಲೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ನನ್ನ ಮನೆಯ ದೀಪಕ್ಕೆ ದೇವರಿಗೆ ವಂದನೆ ಹೇಳುವಾಗ ಈ ಕುಟುಂಬಗಳ ನೆನಪು ಬರದಿದ್ದರೆ ಆ ವಂದನೆ ಅರ್ಧ. ಕೊಟ್ಟವನನ್ನು ನೆನೆಯುವವನು ಬೆಲೆ ತೆತ್ತವನನ್ನೂ ನೆನೆಯಬೇಕು. ಕ್ರೈಸ್ತರಾದ ನಮಗೆ ಇದು ಚೆನ್ನಾಗಿ ಗೊತ್ತಿರಬೇಕು; ನಮ್ಮ ಬಲಿಪೂಜೆಯ ನಡುವೆ ಇರುವುದು ನಮಗಾಗಿ ಒಬ್ಬರು ತೆತ್ತ ಬೆಲೆಯ ಸ್ಮರಣೆಯೇ.

ಉತ್ತರ ಸಿಗದ ಪ್ರಾರ್ಥನೆಗಳೂ ಇವೆ. ಮಂಗನ ಕಾಯಿಲೆಯನ್ನು ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು 1957ರಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಅದು ಮನೆಮನೆಗೆ ಸಾವು ತಂದಿತು. ಇದ್ದ ಲಸಿಕೆಯೂ ಸರಿಯಾಗಿ ಕೆಲಸ ಮಾಡಲಿಲ್ಲ, ಹೊಸದಕ್ಕಾಗಿ ಕಾಯುತ್ತಿದ್ದೇವೆ. ಆ ಮನೆಗಳಿಗೆ ಹೋಗಿ ನಾನು ಕೃತಜ್ಞತೆಯ ಬೋಧನೆ ಮಾಡಲಾರೆ, ನೀವೂ ಮಾಡಬೇಡಿ. ಸುಮ್ಮನೆ ಜೊತೆಗೆ ಕೂತು ಬನ್ನಿ. ಆದರೆ ಆ ದಿನಗಳಲ್ಲಿ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಹಿಡಿದು ಮನೆಯಿಂದ ಮನೆಗೆ ನಡೆದ ಆಶಾ ಕಾರ್ಯಕರ್ತೆಯರನ್ನು ಕಂಡವರಿಗೆ, ಕತ್ತಲೆಯ ಕಾಲದಲ್ಲೂ ದೇವರು ಕೈಕಟ್ಟಿ ಕೂತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿದೆ.

ಸಿಕ್ಕಿದ್ದಕ್ಕೆ ವಂದನೆ ಹೇಳುವ ಅಭ್ಯಾಸ ನಮ್ಮ ಹಬ್ಬಗಳಲ್ಲೇ ಇದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನ ಜನ್ಮದಿನ, ಕೊಂಕಣಿ ಮನೆಗಳಲ್ಲಿ ಮೊಂತಿ ಹಬ್ಬ. ಮಕ್ಕಳು ಹೂವು ಒಯ್ದು ಮರಿಯಮ್ಮನಿಗೆ ಅರ್ಪಿಸುತ್ತಾರೆ, ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ತಂದ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಕೊಟ್ಟ ಮೇಲೆಯೇ ಹೊಸತಿನ ಊಟ. ಮಾಂಸ, ಮೀನು ಆ ದಿನ ಇಲ್ಲ. ಅದಾಗಿ ಕೆಲವು ವಾರಗಳಿಗೆ ಭೂಮಿ ಹುಣ್ಣಿಮೆ. ಸಾಗರ, ಹೊಸನಗರದ ದೀವರ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗಿ, ತೆನೆ ಹೊತ್ತ ಬಸುರಿ ಭೂಮಿಗೆ ಬಡಿಸುತ್ತಾರೆ. ಎರಡೂ ಹಬ್ಬಗಳಲ್ಲಿ ನನಗೆ ಕಾಣುವುದು ಒಂದೇ ಕ್ರಮ: ತಾನು ಉಣ್ಣುವ ಮೊದಲು ತಿರುಗಿ ನೋಡುವುದು. ಬೆಂಗಳೂರಿಗೆ ಹೋದ ಮೇಲೆ ಅಕ್ಕಿ ಚೀಲದಲ್ಲಿ ಬರುತ್ತದೆ, ತಿರುಗಿ ನೋಡಲು ಗದ್ದೆ ಇರುವುದಿಲ್ಲ. ಅದಕ್ಕೇ ಅಲ್ಲಿ ಈ ಅಭ್ಯಾಸ ಹೆಚ್ಚು ಬೇಕಾಗುತ್ತದೆ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಆತ್ಮಶೋಧನೆಗೆ ಹಾಕಿಕೊಟ್ಟ ಕ್ರಮದಲ್ಲಿ ತಪ್ಪುಗಳ ಲೆಕ್ಕ ಆಮೇಲೆ ಬರುತ್ತದೆ, ಪಡೆದ ಉಪಕಾರಗಳ ವಂದನೆ ಮೊದಲು ಬರುತ್ತದೆ. ಮಲಗುವ ಮುಂಚೆ ಐದು ನಿಮಿಷ ಸಾಕು. ಯಾವ ದೇವರನ್ನು ನಂಬಿದರೂ, ನಂಬದಿದ್ದರೂ, ಇದನ್ನು ಮಾಡಬಹುದು.

ಮಕ್ಕಳೇ, ಇನ್ನು ಕೆಲವು ದಿನಗಳಲ್ಲಿ ನಿಮ್ಮಲ್ಲಿ ಬಹಳಷ್ಟು ಜನ ಊರು ಬಿಡುತ್ತೀರಿ. ಹೊರಡುವ ಮೊದಲು ಎರಡು ಕೆಲಸ ಮಾಡಿ. ನಿಮಗೆ ಅಕ್ಷರ ಕಲಿಸಿದ ಪ್ರಾಥಮಿಕ ಶಾಲೆಯ ಮೇಷ್ಟ್ರೋ, ಫೀಸು ಕಟ್ಟಲು ಹಣ ಕೊಟ್ಟ ನೆರೆಮನೆಯವರೋ, ಜ್ವರ ಬಂದಾಗ ರಾತ್ರಿ ಜೀಪು ತೆಗೆದ ಚಾಲಕನೋ, ಯಾರಾದರೂ ಒಬ್ಬರ ಮನೆಗೆ ನಡೆದುಕೊಂಡು ಹೋಗಿ, ಅವರು ಮಾಡಿದ ಉಪಕಾರವನ್ನು ಅವರಿಗೇ ಬಾಯಿಬಿಟ್ಟು ಹೇಳಿ. ಮೊಬೈಲಿನಲ್ಲಿ ಹೇಳಬೇಡಿ. ಎರಡನೆಯದು: ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಒಂದು ಮುಳುಗಡೆ ಕುಟುಂಬ ನಿಮ್ಮೂರಿನಲ್ಲೋ ಪಕ್ಕದ ಊರಿನಲ್ಲೋ ಖಂಡಿತ ಇದೆ. ಅವರ ಹಳೆಯ ಕಾಗದಗಳನ್ನು ಕೂತು ಓದಿ, ಅರ್ಜಿ ಬರೆದುಕೊಡಿ, ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗಿ. ಇಂದು ನಿಮ್ಮ ಕೈಗೆ ಬಂದಿರುವ ಪದವಿಯಿಂದ ಮಾಡಬಹುದಾದ ಮೊದಲ ಕೆಲಸ ಇದು. ಅದನ್ನು ಈ ವಾರವೇ ಶುರು ಮಾಡಿ.