ಹೆರ್ಮುಂಡೆಯ ಮಮತಾ ಪೂಜಾರಿ
(ಸಂಘದ ಡೊಂಬಿವಲಿ ಶಾಖೆಯ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕ ಕ್ರೀಡಾಕೂಟಕ್ಕೆ ಮೊದಲು ಒಬ್ಬ ಆಟಗಾರರ ಜೀವನದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಏಳನೆಯ ತರಗತಿಯ ತನಕ ಓದಿ, ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ಬೆಳೆದವನು. ಪಂಡಿತರ ಭಾಷೆ ನನಗೆ ಬಾರದು. ಆದರೆ ನಾನು ಹೇಳಹೊರಟವರು ನಮ್ಮ ಸೀಮೆಯವರು; ಅವರ ಆಟವೂ ನಮ್ಮ ಆಟ. ಆದ್ದರಿಂದ ಧೈರ್ಯ ಮಾಡಿದ್ದೇನೆ.

ಕಾರ್ಕಳ ತಾಲೂಕಿನ ಅಜೆಕಾರಿನ ಹತ್ತಿರ ಹೆರ್ಮುಂಡೆ ಎಂಬ ಹಳ್ಳಿಯಿದೆ. ಈ ಸಭೆಯಲ್ಲಿ ಕುಳಿತವರಲ್ಲಿ ಆ ದಾರಿಯಲ್ಲಿ ಬಸ್ಸು ಹತ್ತಿದವರು ಕೆಲವರಾದರೂ ಇರಬೇಕು. ಅಲ್ಲಿಯ ಒಂದು ಕೃಷಿಕರ ಮನೆಯ ಮಗಳು ಮಮತಾ ಪೂಜಾರಿ. ಕಬಡ್ಡಿ ಆಡಿ, ಆಟದ ಬಲದಿಂದ ದಕ್ಷಿಣ ಮಧ್ಯ ರೈಲ್ವೆಯಲ್ಲಿ ನೌಕರಿ ಪಡೆದರು. ಅಲ್ಲಿಂದ ಭಾರತದ ತಂಡಕ್ಕೆ ಏರಿದರು.

ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿ ಸೇರಿದ್ದು 1990ರಲ್ಲಿ, ಬೀಜಿಂಗಿನಲ್ಲಿ. ಹೆಂಗಸರ ಕಬಡ್ಡಿಗೆ ಬಾಗಿಲು ತೆರೆದದ್ದು 2010ರಲ್ಲಿ, ಗ್ವಾಂಗ್‌ಝೌನಲ್ಲಿ. ನಡುವೆ ಇಪ್ಪತ್ತು ವರ್ಷ! ಆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಆಟದ ವಯಸ್ಸು ದಾಟಿಹೋಯಿತೋ, ಲೆಕ್ಕ ಇಟ್ಟವರಿಲ್ಲ. ಬಾಗಿಲು ತೆರೆದ ಮೊದಲನೆಯ ಸಲವೇ ಮಮತಾ ತಂಡದಲ್ಲಿದ್ದರು. ಫೈನಲಿನಲ್ಲಿ ಥಾಯ್ಲೆಂಡನ್ನು 28-14ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. 2012ರಲ್ಲಿ ಪಾಟ್ನಾದಲ್ಲಿ ಮಹಿಳೆಯರ ಮೊದಲನೆಯ ವಿಶ್ವಕಪ್ ನಡೆದಾಗ ಮಮತಾ ತಂಡದ ನಾಯಕಿ. ಇರಾನಿನ ಮೇಲೆ ಗೆದ್ದು ಕಪ್ಪು ತಂದರು. 2014ರಲ್ಲಿ ಇಂಚಿಯಾನಿನಲ್ಲಿ ಮತ್ತೆ ಇರಾನ್ ಎದುರು. 31-21ರಿಂದ ಗೆದ್ದು ಎರಡನೆಯ ಚಿನ್ನ. ಅದೇ ವರ್ಷ ಭಾರತ ಸರಕಾರ ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟಿತು.

ಬಂಧುಗಳೇ, ಪದಕಗಳ ಪಟ್ಟಿ ಓದಿ ಕೂತುಕೊಳ್ಳುವುದಕ್ಕೆ ನಾನು ಎದ್ದು ನಿಂತದ್ದಲ್ಲ. ಇನ್ನು ಹಣದ ಮಾತಿಗೆ ಬರುತ್ತೇನೆ. ಹೋಟೆಲಿನಲ್ಲಿ ದುಡಿದವನಿಗೆ ಸಂಬಳದ ಲೆಕ್ಕ ಬೇಗ ಅರ್ಥವಾಗುತ್ತದೆ.

2014ರಲ್ಲಿ ಪ್ರೊ ಕಬಡ್ಡಿ ಎಂಬ ಪಂದ್ಯಾಟ ಮುಂಬಯಿಯಲ್ಲಿ ಶುರುವಾಯಿತು. ಮಣ್ಣಿನ ಆಟ ಮ್ಯಾಟಿಗೆ ಬಂತು, ದೀಪಗಳ ಬೆಳಕಿಗೆ ಬಂತು, ಮನೆಮನೆಯ ಟಿವಿಗೆ ಬಂತು. 2018ರ ಹರಾಜಿನಲ್ಲಿ ಆರು ಮಂದಿ ಆಟಗಾರರಿಗೆ ಕೋಟಿ ರೂಪಾಯಿ ಮುಟ್ಟಿತು. ಮುಂಬಯಿಯ ಹುಡುಗ ರಿಶಾಂಕ್ ದೇವಾಡಿಗ ಅವರಿಗೆ 1 ಕೋಟಿ 11 ಲಕ್ಷ. ನಾವೆಲ್ಲ ಚಪ್ಪಾಳೆ ತಟ್ಟಿದೆವು, ತಟ್ಟಲೇಬೇಕು. ಬೆವರಿಗೆ ಬೆಲೆ ಬಂದರೆ ಯಾರಿಗೆ ಸಂತೋಷವಿಲ್ಲ?

ಹೆಂಗಸರ ಪಾಲಿಗೆ ಬಂದದ್ದೇನು? 2016ರ ಬೇಸಗೆ ಕಳೆದ ಮೇಲೆ, ಗಂಡಸರ ಪಂದ್ಯಾಟದ ಜೊತೆಯಲ್ಲೇ, ಮಹಿಳೆಯರ ಮೂರು ತಂಡ ಕಟ್ಟಿದರು. ಫೈರ್ ಬರ್ಡ್ಸ್ ತಂಡಕ್ಕೆ ಮಮತಾ ನಾಯಕಿ. ಸ್ಟಾರ್ಮ್ ಕ್ವೀನ್ಸ್ ತಂಡಕ್ಕೆ ನಮ್ಮ ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ. ಐಸ್ ದಿವಾಸ್ ತಂಡಕ್ಕೆ ಮುಂಬಯಿಯ ಅಭಿಲಾಷಾ ಮ್ಹಾತ್ರೆ. ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಇಬ್ಬರು ಕನ್ನಡನಾಡಿನ ನಾಯಕಿಯರು ಎದುರುಬದುರು! ತೇಜಸ್ವಿನಿಯವರ ತಂಡ ಒಂದೇ ಒಂದು ಅಂಕದಿಂದ, 24-23ರಿಂದ ಗೆದ್ದಿತು. ಇದಕ್ಕಿಂತ ಬಿಗಿಯಾದ ಆಟವನ್ನು ಯಾರು ಕೇಳಿಯಾರು? ಆದರೂ ಮರುವರ್ಷ ಗಂಡಸರ ತಂಡಗಳು ಎಂಟರಿಂದ ಹನ್ನೆರಡಾದವು. ಹೆಂಗಸರ ಮೂರು ತಂಡಗಳು ಉಳಿಯಲಿಲ್ಲ.

ಹೋಟೆಲಿನಲ್ಲಿ ಒಂದು ಹಬ್ಬದ ದಿನ ಹೆಚ್ಚು ಕೆಲಸಕ್ಕೆ ಕರೆದು, ಮರುದಿನ 'ಇನ್ನು ಬರಬೇಡ' ಎಂದ ಹಾಗೆ ಇದು. ಕೈ ಚುರುಕಾಗಿದ್ದರೂ ಕೆಲಸ ಕಾಯಂ ಅಲ್ಲ.

ಹಾಗಾದರೆ ಮಮತಾ ಇಷ್ಟು ವರ್ಷ ಆಡಿದ್ದು ಯಾವ ಆಧಾರದ ಮೇಲೆ? ರೈಲ್ವೆಯ ನೌಕರಿಯ ಮೇಲೆ. ತಿಂಗಳ ಸಂಬಳ, ಅಭ್ಯಾಸಕ್ಕೆ ಬಿಡುವು, ಗಾಯವಾದರೆ ಆಸ್ಪತ್ರೆ, ಆಟ ನಿಂತ ಮೇಲೂ ಕುರ್ಚಿ. ಕಬಡ್ಡಿಯಲ್ಲಿ ಮೊಣಕಾಲು ಒಮ್ಮೆ ತಿರುಚಿದರೆ ಚಪ್ಪಾಳೆ ತಟ್ಟಿದವರು ಮನೆಗೆ ಅಕ್ಕಿ ತರುವುದಿಲ್ಲ. ಭಟ್ಟಿಯ ಮುಂದೆ ಇಪ್ಪತ್ತು ವರ್ಷ ನಿಂತು ಕಾಲಿನ ನರ ಗಂಟು ಕಟ್ಟಿದವರು ಈ ಸಭೆಯಲ್ಲಿದ್ದೀರಿ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಹವೇ ಬಂಡವಾಳವಾದವನಿಗೆ, ದೇಹ ಸೋತ ದಿನಕ್ಕೂ ಒಂದು ಏರ್ಪಾಡು ಬೇಕು. ಹರಾಜಿನ ಕೋಟಿ ಕೆಲವರಿಗೆ, ಕೆಲವು ವರ್ಷಕ್ಕೆ. ಕಾಯಂ ನೌಕರಿ ಸಾವಿರಾರು ಆಟಗಾರರ ಅನ್ನ.

ಈಗ ನಮ್ಮ ಮನೆಯ ಮಾತು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಸದಸ್ಯರ ಹೆಣ್ಣುಮಕ್ಕಳು ಶಾಲೆಯಲ್ಲಿ ಕಬಡ್ಡಿ ಆಡುತ್ತಾರೆ. ಸಂಘದ ಕ್ರೀಡಾಕೂಟಕ್ಕೆ ಬಂದರೆ ಅವರಿಗೆ ನಾವು ಇಟ್ಟಿರುವುದು ರಂಗೋಲಿ, ನಿಂಬೆಹಣ್ಣು-ಚಮಚ, ಸಂಗೀತ ಕುರ್ಚಿ. ಕಬಡ್ಡಿ ಗಂಡುಹುಡುಗರಿಗೆ ಮಾತ್ರ! 'ಹುಡುಗಿ ಬಿದ್ದು ಕೈಕಾಲು ಮುರಿದುಕೊಂಡರೆ ಮದುವೆ ಹೇಗೆ?' ಎಂದು ಹಿರಿಯರೊಬ್ಬರು ಕಳೆದ ಸಭೆಯಲ್ಲಿ ಕೇಳಿದರು. ಅಣ್ಣಾ, ನಿಮ್ಮ ಚಿಂತೆ ಸುಳ್ಳಲ್ಲ. ಗಾಯ ಆಗುತ್ತದೆ. ಅದಕ್ಕೆ ಮ್ಯಾಟು ಹಾಸೋಣ, ತಿಳಿದ ತರಬೇತುದಾರರನ್ನು ಕರೆಯೋಣ, ಅಂಗಳದ ಬದಿಯಲ್ಲಿ ವೈದ್ಯರನ್ನು ಕೂರಿಸೋಣ. ಆದರೆ ಹೆರ್ಮುಂಡೆಯ ಮನೆಯವರೂ ಆ ಭಯದಿಂದ ಮಗಳನ್ನು ಒಳಗೇ ಕೂರಿಸಿದ್ದರೆ, ಭಾರತದ ಆ ಕಪ್ಪು ಯಾರ ಕೈಯಲ್ಲಿರುತ್ತಿತ್ತು?

ಎಲ್ಲ ಹುಡುಗಿಯರೂ ಮಮತಾ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಏಳು ಮಂದಿ ಸೇರಿ ಒಬ್ಬಳ ಕೈ ಮತ್ತೊಬ್ಬಳು ಹಿಡಿದು ಎದುರಾಳಿಯನ್ನು ತಡೆಯುವುದನ್ನು ಕಲಿತರೆ, ನಾಳೆ ಎಲ್ಲಿ ದುಡಿದರೂ ಆ ಪಾಠ ಕೆಲಸಕ್ಕೆ ಬರುತ್ತದೆ.

ಆದ್ದರಿಂದ ಈ ವರ್ಷದ ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಇರಲಿ, ಬಹುಮಾನದ ಹಣ ಗಂಡುಹುಡುಗರಷ್ಟೇ ಇರಲಿ ಎಂದು ನಾನು ಸೂಚಿಸುತ್ತೇನೆ. ಯಾರಾದರೂ ತಾಯಂದಿರು ಎದ್ದು ಅನುಮೋದಿಸಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.