ಕಣ್ಣಿಗೆ ಕಾಣದ್ದು ರೇಡಾರಿಗೆ ಕಂಡೀತೆ?

ಯಾರ ಕಣ್ಣಿಗೂ ಬೀಳದೆ ಓಡಾಡಬೇಕೆಂಬ ಆಸೆ ಮನುಷ್ಯನಿಗೆ ಬಹಳ ಹಳೆಯದು. ನಮ್ಮ ಪುರಾಣದ ಇಂದ್ರಜಿತು ಮೋಡದ ಮರೆಯಲ್ಲಿ ನಿಂತು ಬಾಣಗಳ ಮಳೆಗರೆದ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1897ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕನೋ ತನ್ನ ಮೈಯನ್ನೇ ಗಾಳಿಯಂತೆ ಪಾರದರ್ಶಕ ಮಾಡಿಕೊಂಡ. ಇಂಥವನೊಬ್ಬ ಇಂದು ಬಟ್ಟ ಬಯಲಿನಲ್ಲಿ ನಡೆದು ಬಂದರೆ ರೇಡಾರಿಗೆ ಸಿಕ್ಕಿಬಿದ್ದಾನೆಯೆ? ಹುಡುಗರು ಕೇಳುವ ಪ್ರಶ್ನೆಯಂತೆ ಇದು ತೋರಬಹುದು. ಆದರೆ ಇದರ ಉತ್ತರವನ್ನು ನೆಚ್ಚಿಕೊಂಡು ಪ್ರಾಣವನ್ನೇ ಪಣವಿಟ್ಟವರಿದ್ದಾರೆ.

ಬೆಟ್ಟದ ತಪ್ಪಲಿನಲ್ಲಿ ನಿಂತು ಕೂಗಿದರೆ ಎದುರಿನ ಬಂಡೆ ನಮ್ಮ ಕೂಗನ್ನು ಹಿಂದಿರುಗಿಸುತ್ತದಷ್ಟೆ. ರೇಡಾರಿನದೂ ಇದೇ ಉಪಾಯ. ಕೂಗಿನ ಬದಲು ಅದು ರೇಡಿಯೋ ಅಲೆಯನ್ನು ಕಳುಹಿಸಿ ಮಾರ್ದನಿಗಾಗಿ ಕಾಯುತ್ತದೆ. ಈ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅದು ಹೋಗಿಬರಲು ಹಿಡಿದ ಕಾಲವನ್ನು ಅಳೆದರೆ ವಸ್ತು ಎಷ್ಟು ದೂರದಲ್ಲಿದೆಯೆಂಬುದು ತಿಳಿಯುತ್ತದೆ.

ನಿಮ್ಮ ಮನೆಯ ರೇಡಿಯೋಗೂ ಇದಕ್ಕೂ ಹತ್ತಿರದ ನಂಟು. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯ ಬಳಿ ವಾಟ್ಸನ್-ವಾಟ್ ಮತ್ತು ವಿಲ್ಕಿನ್ಸ್ ಎಂಬ ವಿಜ್ಞಾನಿಗಳು ಒಂದು ಪರೀಕ್ಷೆ ನಡೆಸಿದರು. ಅದಕ್ಕೆ ಒದಗಿದ್ದು ಬಿ.ಬಿ.ಸಿ. ನಿಲಯದ ಕಿರುತರಂಗ ಪ್ರಸಾರವೇ! 49 ಮೀಟರಿನ ಆ ಅಲೆಗಳು ಹಾರುತ್ತಿದ್ದ ಬಾಂಬರ್ ವಿಮಾನಕ್ಕೆ ತಾಗಿ ಹಿಂದಿರುಗಿದ್ದನ್ನು ಅವರು ಸುಮಾರು 8 ಮೈಲಿ ದೂರದವರೆಗೆ ಗುರುತಿಸಿದರು. 1940ರಲ್ಲಿ ಜರ್ಮನ್ ವಿಮಾನಗಳು ದಂಡೆತ್ತಿ ಬಂದಾಗ ಬ್ರಿಟನ್ನಿಗೆ ಮುನ್ಸೂಚನೆ ಕೊಟ್ಟದ್ದು ಈ ವಿದ್ಯೆ. ಇಂದ್ರಜಿತುವಿನ ಮೋಡ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಮೋಡದ ಮರೆಯ ಮಾತು ಹಾಗಿರಲಿ, ಪಾರದರ್ಶಕವಾದ ಮೈಯ ಗತಿಯೇನು? ಬೆಳಕೂ ರೇಡಿಯೋ ಅಲೆಯೂ ಒಂದೇ ಕುಲದವು. ಭೇದವಿರುವುದು ಅಲೆಯ ಉದ್ದದಲ್ಲಿ. ಹಸಿರು ಬೆಳಕಿನ ಅಲೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು. ವಿಮಾನ ನಿಲ್ದಾಣದ ಕಾವಲು ರೇಡಾರಿನ ಅಲೆ ಸುಮಾರು 10 ಸೆಂಟಿಮೀಟರ್. ಎಂದರೆ ಎರಡು ಲಕ್ಷ ಪಾಲು ಉದ್ದ. ಒಂದಕ್ಕೆ ದಾರಿ ಬಿಡುವ ಪದಾರ್ಥ ಇನ್ನೊಂದಕ್ಕೂ ಬಿಡಬೇಕೆಂಬ ಕಟ್ಟಳೆಯಿಲ್ಲ.

ನೀರನ್ನೇ ನೋಡಿ. ತಿಳಿನೀರಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 2 ಪಾಲು ಮಾತ್ರ ಹಿಂದಿರುಗುತ್ತದೆ. ಅದೇ ನೀರಿಗೆ ರೇಡಾರಿನ ಅಲೆ ಬಿದ್ದರೆ ನೂರಕ್ಕೆ 60ಕ್ಕೂ ಹೆಚ್ಚು ಪಾಲು ಹಿಂದಿರುಗುತ್ತದೆ. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ನೀರೇ. ಆದ್ದರಿಂದ ಬೆಳಕಿಗೆ ಮಾತ್ರ ಪಾರದರ್ಶಕನಾದ ವೆಲ್ಸನ ನಾಯಕ ಕಾವಲುಗಾರನ ಕಣ್ಣು ತಪ್ಪಿಸಿದರೂ ರೇಡಾರಿನ ತೆರೆಯ ಮೇಲೆ ಚುಕ್ಕೆಯಾಗಿ ಮೂಡುತ್ತಾನೆ.

ಇದಕ್ಕೆ ವಿರುದ್ಧವಾದದ್ದೂ ಉಂಟು. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಒಂದು ತಾಮ್ರದ ಉರುಳೆಗೆ ವಿಶೇಷ ರಚನೆಯ ಉಂಗುರಗಳ ಕವಚ ತೊಡಿಸಿದರು. ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ, ಸುಮಾರು 3.5 ಸೆಂಟಿಮೀಟರಿನ ಅಲೆಗಳು ಬಹುಮಟ್ಟಿಗೆ ಅದನ್ನು ಬಳಸಿ ಮುಂದೆ ಹೋದವು. ಆದರೆ ಆ ಕವಚ ಕಣ್ಣಿಗೆ ಚೆನ್ನಾಗಿ ಕಾಣುತ್ತಲೇ ಇತ್ತು! ಬೇರೆ ಉದ್ದದ ಅಲೆಗಳ ಮುಂದೆ ಅದರ ಆಟ ನಡೆಯದು.

ಯುದ್ಧಭೂಮಿಯಲ್ಲಿಯೂ ಇದೇ ಪಾಠ. ಅಮೆರಿಕದ ಎಫ್-117 ವಿಮಾನದ ಮೈಕಟ್ಟು ರೇಡಾರ್ ಅಲೆಗಳನ್ನು ಅತ್ತಿತ್ತ ಚೆದರಿಸುವಂಥದು. ಅದರ ಲೇಪ ಅವುಗಳನ್ನು ಹೀರುವಂಥದು. ಹಗಲಿನಲ್ಲಿ ಕಣ್ಣಿಗೆ ಕಾಣುವುದರಿಂದ ಅದನ್ನು ರಾತ್ರಿಯ ಹೊತ್ತು ಕಳುಹಿಸುತ್ತಿದ್ದರು. ಆದರೂ 1999ರ ಮಾರ್ಚ್ 27ರ ರಾತ್ರಿ ಯುಗೊಸ್ಲಾವಿಯದ ಕ್ಷಿಪಣಿ ದಳ ಅಂಥದೊಂದನ್ನು ಹೊಡೆದುರುಳಿಸಿತು. ಅದರ ಸುಳಿವು ಹಿಡಿದದ್ದು ಸುಮಾರು 2 ಮೀಟರ್ ಉದ್ದದ ಅಲೆ ಬಳಸುವ ಹಳೆಯ ಮಾದರಿಯ ರೇಡಾರು. ಚಾಲಕ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡ.

ಆದ್ದರಿಂದ ಒಂದು ವಸ್ತು ಅದೃಶ್ಯವೆಂದು ಯಾರಾದರೂ ಹೇಳಿದರೆ, ‘ಯಾವ ಅಲೆಗೆ ಅದೃಶ್ಯ?’ ಎಂದು ನಾವು ಕೇಳಬೇಕು. ಒಂದು ಕಣ್ಣಿಗೆ ಮಣ್ಣೆರಚಬಹುದು. ಎಲ್ಲ ಅಲೆಗಳ ಕಣ್ಣಿಗೂ ಒಮ್ಮೆಗೇ ಮಣ್ಣೆರಚುವ ವಿದ್ಯೆ ಇನ್ನೂ ಯಾರಿಗೂ ಕೈವಶವಾಗಿಲ್ಲ.