ದಾಖಲಾತಿ ಪುಸ್ತಕದಿಂದ ಚಿತ್ರಕಡತಕ್ಕೆ

(ಶತಮಾನೋತ್ಸವದ ಹಿರಿಯ ವಿದ್ಯಾರ್ಥಿ ಸಮಾವೇಶದಲ್ಲಿ ದಾಖಲೆ ಸಂರಕ್ಷಣಾ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಶಾಲೆಯ ಕಚೇರಿಯ ಕಪಾಟಿನಲ್ಲಿ ನೂರು ವರ್ಷಗಳ ದಾಖಲಾತಿ ಪುಸ್ತಕಗಳಿವೆ. ಅವುಗಳಲ್ಲಿ ಮೊದಲಿನವನ್ನು ಬರೆಯುವಾಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಅದು ಕೇರಳದ ಭಾಗವಾಯಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಬದಲಾದರೂ ಮಕ್ಕಳ ಹೆಸರನ್ನು ಕನ್ನಡದಲ್ಲಿ ಬರೆದಿಡುವ ಪದ್ಧತಿ ಇಲ್ಲಿ ನಿಲ್ಲಲಿಲ್ಲ.

ಈ ಪುಸ್ತಕಗಳು ಕೇವಲ ನೆನಪಿನ ವಸ್ತುಗಳಲ್ಲ. ಜನನ ಪ್ರಮಾಣಪತ್ರವಿಲ್ಲದ ಹಿರಿಯರಿಗೆ ಹುಟ್ಟಿದ ದಿನಾಂಕಕ್ಕೂ ತಂದೆಯ ಹೆಸರಿಗೂ ಇಂದಿಗೂ ಇವೇ ಆಧಾರ. ಆದರೆ ನಮ್ಮ ಮಳೆಗಾಲದ ತೇವ, ಗೆದ್ದಲು, ಹಳೆಯ ಕಾಗದದ ಪೆಡಸುತನ ಇವೆಲ್ಲ ಸೇರಿ ಪುಟಗಳನ್ನು ಸೊರಗಿಸಿವೆ. ತೆರೆದಾಗಲೆಲ್ಲ ಅಂಚು ಉದುರುತ್ತದೆ. ಆದುದರಿಂದಲೇ ಇವುಗಳನ್ನು ಚಿತ್ರಕಡತಗಳನ್ನಾಗಿ ಪರಿವರ್ತಿಸಲು ನಾವು ತೊಡಗಿದೆವು.

ಮೊದಲ ಪ್ರಯತ್ನದಲ್ಲಿ ನಾವು ಎಡವಿದೆವು. ಅದನ್ನು ಮುಚ್ಚಿಡುವುದು ಸಲ್ಲದು. ಸಂಜೆಯ ಮಬ್ಬು ಬೆಳಕಿನಲ್ಲಿ ಮೊಬೈಲಿನಿಂದ ಆತುರಾತುರವಾಗಿ ಚಿತ್ರ ತೆಗೆದೆವು. ಒಬ್ಬರಿಂದೊಬ್ಬರಿಗೆ ಕಳುಹಿಸುವಾಗ ಕಡತಗಳ ಗಾತ್ರ ಕುಗ್ಗಿತು. ಕುಗ್ಗಿದ ಪ್ರತಿಗಳನ್ನೇ ಉಳಿಸಿ ಮೂಲಚಿತ್ರಗಳನ್ನು ಅಳಿಸಿಬಿಟ್ಟೆವು. ಕೆಲವು ತಿಂಗಳ ತರುವಾಯ ಹಿರಿಯ ವಿದ್ಯಾರ್ಥಿನಿಯೊಬ್ಬರು ಹುಟ್ಟಿದ ದಿನಾಂಕದ ದೃಢೀಕರಣಕ್ಕೆ ಬಂದರು. ಚಿತ್ರವನ್ನು ಹಿಗ್ಗಿಸಿ ನೋಡಿದರೆ ತಿಂಗಳು ೬ ಎಂದಿದೆಯೋ ೯ ಎಂದಿದೆಯೋ ತಿಳಿಯಲಿಲ್ಲ. ಈ ಎರಡು ಅಂಕಿಗಳಿಗೆ ಬಾಲದ ಬಾಗಿನಲ್ಲಷ್ಟೇ ಭೇದ. ಮೂಲ ಪುಸ್ತಕವನ್ನು ತೆರೆದೆವು. ಆ ಪುಟದ ಮೂಲೆ ಅಷ್ಟರಲ್ಲಿ ಉದುರಿಹೋಗಿತ್ತು. ಆ ತಾಯಿಯನ್ನು ನಾವು ಬರಿಗೈಯಲ್ಲಿ ಕಳುಹಿಸಬೇಕಾಯಿತು.

ಅಂದಿನಿಂದ ಕ್ರಮವನ್ನು ಬದಲಿಸಿದೆವು. ಪುಸ್ತಕದ ಬೆನ್ನನ್ನು ಒತ್ತಿ ಮುರಿಯದಂತೆ, ಎರಡೂ ಬದಿಗೆ ಮೆತ್ತೆಯಿಟ್ಟು, ಮೇಲಿನಿಂದ ಕ್ಯಾಮೆರಾ ನಿಲ್ಲಿಸಿ, ಇಬ್ಬದಿಯ ಸಮ ಬೆಳಕಿನಲ್ಲಿ ಚಿತ್ರ ತೆಗೆಯುತ್ತೇವೆ. ಅಂಗುಲಕ್ಕೆ 300 ಬಿಂದುಗಳಿಗಿಂತ ಕಡಿಮೆಯಾಗಬಾರದೆಂಬುದು ನಿಯಮ. ಈ ಲೆಕ್ಕದಲ್ಲಿ ಎ4 ಅಳತೆಯ ಒಂದು ಪುಟಕ್ಕೆ ಸುಮಾರು 2480 ಅಡ್ಡ, 3508 ಉದ್ದ ಬಿಂದುಗಳು ಬೇಕು. ಕೆಂಪು ಶಾಯಿಯ ತಿದ್ದುಪಡಿಯೂ ಮೊಹರಿನ ಗುರುತೂ ಬೇರೆಯಾಗಿ ಕಾಣಬೇಕಾದುದರಿಂದ ಬಣ್ಣದಲ್ಲಿಯೇ ತೆಗೆಯುತ್ತೇವೆ. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಕಾಪಿಟ್ಟು ಅದನ್ನು ಮುಟ್ಟುವುದಿಲ್ಲ. ದಿನಬಳಕೆಗೆ ಜೆಪೆಗ್ ಪ್ರತಿ ಸಾಕು; ಅದು ಹಗುರ, ಆದರೆ ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ಸೂಕ್ಷ್ಮ ಗೆರೆಗಳು ಸವೆಯುತ್ತವೆ. ಪ್ರತಿ ಕಡತಕ್ಕೂ ಸಂಪುಟ ಹಾಗೂ ಪುಟದ ಸಂಖ್ಯೆಯೇ ಹೆಸರು. ಪ್ರತಿಗಳು ಮೂರು, ಅವುಗಳಲ್ಲೊಂದು ಶಾಲೆಯ ಹೊರಗೆ.

ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಹಳೆಯ ಪತ್ರಗಳ ಕಷ್ಟ ಬೇರೆ. ಯೂನಿಕೋಡ್ ರೂಢಿಗೆ ಬರುವ ಮುನ್ನಿನ ಅನೇಕ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ನಮ್ಮ ಮನವಿಪತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಗಡಿಯಾಚೆಯ ಕನ್ನಡಿಗರಾದ ನಮಗೆ, ಕನ್ನಡ ಫಾಂಟುಗಳಿಲ್ಲದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವಾಗ ಇದು ಸಣ್ಣ ತೊಂದರೆಯಲ್ಲ. ಪುಟವನ್ನು ಚಿತ್ರವಾಗಿಸಿ ಕಳುಹಿಸಿದರೆ ಒತ್ತಕ್ಷರ ಸಹಿತ ಇದ್ದಂತೆಯೇ ಕಾಣುತ್ತದೆ.

ಆದರೂ ಚಿತ್ರಕ್ಕೆ ಮಿತಿಯುಂಟು. ಅದರೊಳಗಿನ ಹೆಸರನ್ನು ಯಂತ್ರ ತಾನಾಗಿ ಹುಡುಕಿಕೊಡದು. ನಮ್ಮ ಹಳೆಯ ಗುರುಗಳ ಕೂಡುಬರಹವನ್ನು ಕಣ್ಣಿಟ್ಟು ಓದುವವರೇ ಬೇಕು. ಅದಕ್ಕಾಗಿ ಹೆಸರು, ವರ್ಷ, ಪುಟಸಂಖ್ಯೆಗಳ ಸೂಚಿಯೊಂದನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುತ್ತಿದ್ದೇವೆ. ದಾಖಲಾತಿ ಪುಸ್ತಕಗಳಲ್ಲಿ ಜಾತಿ, ಕುಟುಂಬ ಮೊದಲಾದ ವಿವರಗಳಿರುವುದರಿಂದ ಆ ಕೆಲಸ ಅಧ್ಯಾಪಕರದು. ಆ ಚಿತ್ರಗಳನ್ನು ಸಾರ್ವಜನಿಕವಾಗಿ ಹಂಚುವುದಿಲ್ಲ. ಹಳೆಯ ಕೈಬರಹದ ಶಾಲಾ ಸಂಚಿಕೆಗಳನ್ನು ಓದಿ ಸೂಚಿ ಮಾಡುವ ಕಾರ್ಯವನ್ನು ಮಕ್ಕಳಿಗೆ ಒಪ್ಪಿಸಿದ್ದೇವೆ. ಅಜ್ಜನ ಕಾಲದ ಅಕ್ಷರವನ್ನು ಓದಬಲ್ಲ ಮಕ್ಕಳು ಇಲ್ಲಿ ಕಲಿಯುತ್ತಿರುವವರೆಗೆ ಈ ಕಡತಗಳಿಗೆ ಬೆಲೆಯಿದೆ.

ತಮ್ಮಲ್ಲಿ ನಮ್ಮದೊಂದು ಪ್ರಾರ್ಥನೆ. ಮನೆಯ ಪೆಟ್ಟಿಗೆಗಳಲ್ಲಿ ಶಾಲೆಯ ವರ್ಗಾವಣೆ ಪತ್ರ, ಅಂಕಪಟ್ಟಿ, ತರಗತಿಯ ಭಾವಚಿತ್ರಗಳಿದ್ದರೆ ದಯವಿಟ್ಟು ತನ್ನಿ. ತಮ್ಮ ಎದುರಿನಲ್ಲಿಯೇ ಚಿತ್ರ ತೆಗೆದು ಅಂದೇ ಹಿಂದಿರುಗಿಸುತ್ತೇವೆ. ಅಂದು ಬರಿಗೈಯಲ್ಲಿ ಮರಳಿದ ಆ ತಾಯಿಯ ದಿನಾಂಕವೂ ಯಾರದೋ ಮನೆಯ ಪೆಟ್ಟಿಗೆಯ ಕಾಗದವೊಂದರಲ್ಲಿ ಸಿಕ್ಕೀತೆಂಬ ಆಸೆ ನಮಗಿನ್ನೂ ಇದೆ.